ನನ್ನ ದನಿಯಲ್ಲಿ ಇವರ ಗೆಳೆಯನ ಮೇಲ್

ಇವರಿಗೆ ಗೆಳೆಯನ ಮೇಲ್ ಬಂದದ್ದು ನನಗೆ ಅಡುಗೆಮನೆಯಲ್ಲೇ ತಿಳಿಯುತ್ತಿತ್ತು. ಹೊರಗಿನ ಕೋಣೆಯಲ್ಲಿ ಕಿಟಕಿಯ ಬದಿಗೆ ಕಂಪ್ಯೂಟರಿನ ಮೇಜು, ಅದರ ಎದುರು ಒಂದು ಹಳೆಯ ಬೆತ್ತದ ಕುರ್ಚಿ. ನನ್ನ ಗಂಡನದು ಸದ್ದಿಲ್ಲದ ನಗು. ಬಾಯಿ ಬಿಗಿಹಿಡಿದು ಹೊಟ್ಟೆಯನ್ನೂ ಹೆಗಲನ್ನೂ ಕುಣಿಸುತ್ತ ನಗುವವರು. ನಗು ಕೇಳಿಸದಿದ್ದರೂ ಕುರ್ಚಿ ಕಿರ್ ಕಿರ್ ಎನ್ನುತ್ತಿತ್ತು. ನಾನು ಮಜ್ಜಿಗೆಯ ಲೋಟ ಹಿಡಿದುಕೊಂಡು ಹೊರಗೆ ಬಂದರೆ ತಟ್ಟನೆ ಆ ಪುಟವನ್ನು ಕೆಳಗಿಳಿಸಿ, ಪೇಪರಿನ ಸುದ್ದಿ ಓದುವವರ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದರು.

“ಎಂತ ಬರೆದಿದ್ದಾರೆ?”

“ಎಂತ ಇಲ್ಲ. ಅಲ್ಲಿ ಬಿಸಿಲಂತೆ.”

“ಬಿಸಿಲಿಗೆ ಇಷ್ಟು ನಗೂದಾ?”

“ಜೋರು ಬಿಸಿಲಂತೆ ಮಾರಾಯ್ತಿ.”

ನಾವು ಮನೆಯಲ್ಲಿ ಮಾತಾಡುವುದು ತುಳು. ಬರೆಯುವಾಗ ಕನ್ನಡ ಮಾಡಿಕೊಂಡಿದ್ದೇನೆ, ಅಷ್ಟೆ.

ಆ ಗೆಳೆಯ ಇವರ ಶಾಲೆಯ ಜೊತೆಗಾರ. ಕೂಳೂರಿನ ಆಚೆ, ಹೊಳೆ ಕಡಲು ಸೇರುವ ಕಡೆಯ ಮೀನುಗಾರಿಕೆಯ ಮನೆಯವರು. ಇವರದು ಗದ್ದೆ, ಗುತ್ತಿನ ದೊಡ್ಡಮನೆ ಎಂದು ಹೇಳಿಕೊಳ್ಳುವ ಮನೆತನ. ಇವರ ಕಾಲಕ್ಕೆ ಗದ್ದೆ ಹೋಗಿ ಪೇಟೆಯಲ್ಲೊಂದು ಮೀನೂಟದ ಹೋಟೆಲ್ ಉಳಿದಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಗೆಳೆಯ ಪ್ರಾಯಕ್ಕೆ ಬಂದವರೇ ಗುಜರಾತಿನ ಒಂದು ಬಂದರಿಗೆ ಹೋಗಿ, ಬೋಟುಗಳಿಗೆ ಐಸು ಕೊಡುವ ವ್ಯಾಪಾರ ಹಿಡಿದು ಅಲ್ಲಿಯೇ ನಿಂತರು. ಊರಿಗೆ ಬರುವುದು ಅಪರೂಪ. ವಾರಕ್ಕೊಂದು ಮೇಲ್ ಮಾತ್ರ ತಪ್ಪುತ್ತಿರಲಿಲ್ಲ. ಮೀನುಗಾರಿಕೆಗೆ ರಜೆ ಇರುವ ಮಳೆಗಾಲದಲ್ಲಿ ಎರಡು ಬಂದದ್ದೂ ಉಂಟು. ಅವರ ಕಚೇರಿಯ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆಯುತ್ತಿದ್ದರು, ಉದ್ದುದ್ದ.

ಓದಿ ಮುಗಿದ ಮೇಲೆ ಇವರು ಆ ಮೇಲನ್ನು ಅಳಿಸಿಬಿಡುತ್ತಿದ್ದರು. ಊಟವಾದವನು ಎಲೆ ಮಡಚಿ ಏಳುವ ಹಾಗೆ. ನಾನು ಒಂದನ್ನೂ ಓದಿದವಳಲ್ಲ, ಓದಬೇಕೆಂದು ಅನಿಸಿಯೂ ಇರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ಅಂಗಿಯ ಕಿಸೆಯಿಂದ ಹಿಡಿದು ಬಾಯಿಯ ಹುಣ್ಣಿನವರೆಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ. ಗೊತ್ತಿಲ್ಲದ್ದು ಒಂದು ಇರಲಿ ಎಂದು ಬಿಟ್ಟಿದ್ದೆ.

ಇವರ ಕಣ್ಣಿನ ಒಳಗೆ ಒತ್ತಡ ಹೆಚ್ಚುತ್ತಾ ಇದೆ ಎಂದು ತಿಳಿಯುವಾಗಲೇ ಬದಿಯ ನೋಟ ಸುಮಾರು ಹೋಗಿತ್ತು. ಹೋಟೆಲಿನ ಕ್ಯಾಶ್‌ನಲ್ಲಿ ಕೂತರೆ ಬದಿಗೆ ಬಂದು ನಿಂತವರು ಮಾತಾಡುವವರೆಗೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಎರಡು ಮೂರು ಜನ ಹಳೆಯ ಗಿರಾಕಿಗಳು, ಇವರು ಕಂಡರೂ ಕಾಣದ ಹಾಗೆ ಮಾಡುತ್ತಾರೆ ಎಂದು ಬೇಜಾರು ಮಾಡಿಕೊಂಡರು. ಹೋಟೆಲನ್ನು ತಮ್ಮನಿಗೆ ಬಿಟ್ಟು ಇವರು ಪೇಟೆಯ ಬದಿಗೆ ಜೆಪ್ಪಿನಲ್ಲಿರುವ ನಮ್ಮ ಮನೆಯಲ್ಲಿ ಕೂತರು. ಹೋದ ನೋಟ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವ ಎಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಮೂರು ಸಲ ಮದ್ದಿನ ಹನಿ ಬಿಡುವುದು ನನ್ನ ಕೆಲಸ. ಪೇಪರ್ ಬಿಟ್ಟುಹೋಯಿತು, ಟಿವಿ ಬಿಟ್ಟುಹೋಯಿತು. ಅದಕ್ಕೆಲ್ಲ ಇವರು ಅಷ್ಟು ಬೇಸರಿಸಲಿಲ್ಲ. ಗೆಳೆಯನ ಮೇಲ್ ಒಂದು ಮಾತ್ರ ತನ್ನಿಂದಲೇ ಓದಲಿಕ್ಕಾಗಬೇಕು, ಇನ್ನೊಬ್ಬರ ಕೈಗೆ ಅದು ಹೋಗಬಾರದು ಎಂದು ಹಟ.

ಕಂಪ್ಯೂಟರಿನ ಜೊತೆಗೇ ಬಂದ ಮೇಲ್ ಪ್ರೋಗ್ರಾಂ ಒಂದಿತ್ತು. ಅದರಲ್ಲಿ ಮೇಲ್‌ನ ಒಳಗಿನ ಅಕ್ಷರವನ್ನು ದೊಡ್ಡದು ಮಾಡಬಹುದಿತ್ತು, ಆದರೆ ಯಾರ ಮೇಲ್ ಬಂದಿದೆ ಎಂಬ ಸಾಲು ಇರುವೆಯ ಹಾಗೆ ಚಿಕ್ಕದೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ತೆರೆದರೆ ಅದು ಹೊಸ ವೇಷ ಹಾಕಿಕೊಂಡು ಬಂದಿತ್ತು. ಬಂದ ಮೇಲ್‌ಗಳ ನಡುವೆ ಮೇಲ್‌ನ ಹಾಗೆಯೇ ಕಾಣುವ ಜಾಹೀರಾತು. ಗೆಳೆಯನದ್ದೆಂದು ಇವರು ಒತ್ತಿದ್ದು ಯಾವುದೋ ಹಾಸಿಗೆಯ ಅಂಗಡಿಯದ್ದು. ಪರದೆಗೆ ಮೂಗು ತಾಗಿಸಿಕೊಂಡು ಆ ಹಾಸಿಗೆಯ ವಿವರವನ್ನು ಕೊನೆಯವರೆಗೆ ಓದಿದರು, ಇದರಲ್ಲೂ ಏನೋ ತಮಾಷೆ ಇರಬೇಕು ಎಂದುಕೊಂಡು.

ನನ್ನ ತಂಗಿ ಶಕ್ತಿನಗರದಲ್ಲಿದ್ದಾಳೆ, ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಶನಿವಾರ ಮಧ್ಯಾಹ್ನ ಬಂದವಳು ಇದನ್ನು ಕೇಳಿ ನಕ್ಕಳು.

“ಎಂತ ಭಾವ, ಇದನ್ನು ಇಟ್ಟುಕೊಂಡಿದ್ದೀರಾ ಇನ್ನೂ?”

“ನಾನು ಇಟ್ಟದ್ದಲ್ಲ. ಕಂಪ್ಯೂಟರಿನೊಟ್ಟಿಗೆ ಬಂದದ್ದು. ನಿನ್ನ ಅಕ್ಕನೊಟ್ಟಿಗೆ ನೀನು ಬಂದ ಹಾಗೆ.”

“ಹಾಗಾದರೆ ಅಕ್ಕನೊಬ್ಬಳನ್ನು ಬಿಟ್ಟು ಬಾಕಿ ಎಲ್ಲ ಬದಲಿಸುವಾ. ಬೇರೆ ಬೇಕಾದಷ್ಟು ಉಂಟು, ಪುಕ್ಕಟೆ ಸಿಗ್ತದೆ.”

ಇವರು ಹೋಟೆಲಿಗೆ ಹೊಸ ಅಡುಗೆಯವನನ್ನು ತೆಗೆದುಕೊಳ್ಳುವ ಕ್ರಮ ಒಂದಿತ್ತು. ಬಂಗುಡೆ ಮೀನಿನ ಪುಳಿಮುಂಚಿ ಎಲ್ಲರೂ ಮಾಡ್ತಾರೆ, ನೀನು ಸಾದಾ ಬೇಳೆಸಾರು ಮಾಡಿ ತೋರಿಸು ಎನ್ನುತ್ತಿದ್ದರು. ಅದೂ ಸಂದಣಿಯ ಹೊತ್ತಿನಲ್ಲಿ. ಇಂಟರ್ನೆಟ್ಟಿನ ಪುಟ ತೆರೆಯುವ ಬ್ರೌಸರನ್ನೂ ಮೇಲ್ ಪ್ರೋಗ್ರಾಮನ್ನೂ ಆರಿಸಿದ್ದು ಹಾಗೆಯೇ. ತಂಗಿ ಒಂದೊಂದನ್ನೇ ಹಾಕಿ ಕೊಟ್ಟಳು. ಇವರು ಒಂದೊಂದಕ್ಕೂ ಒಂದು ವಾರದ ಟ್ರಯಲ್ ಕೊಟ್ಟು, ಗ್ಯಾಸ್ ಸಿಲಿಂಡರ್ ಬುಕ್ ಆಗಿದೆ ಎಂಬ ಎರಡು ಸಾಲಿನ ಮೇಲನ್ನು ಅದರಲ್ಲಿ ತೆರೆದು ನೋಡುವರು. ಒಂದರಲ್ಲಿ ಕ್ಯಾಲೆಂಡರು, ಗಡಿಯಾರ, ಮಾಡಬೇಕಾದ ಕೆಲಸದ ಪಟ್ಟಿ ಎಲ್ಲ ಒಟ್ಟಿಗೆ ಬಂತು. “ಇದು ಅನ್ನ ಸ್ವಲ್ಪ ಹಾಕಿ ಸುತ್ತ ಬಟ್ಟಲು ಜಾಸ್ತಿ ಇಡುವ ಜನ,” ಎಂದು ತೆಗೆಸಿದರು. ಇನ್ನೊಂದು ಮೊದಲಿಗೇ ಇವರ ಫೋನ್ ನಂಬರು, ಹುಟ್ಟಿದ ದಿನ, ಗೊತ್ತಿದ್ದವರ ಹೆಸರು ಎಲ್ಲ ಕೇಳಿತು.

“ಕೆಲಸಕ್ಕೆ ಬಂದವನು ಧಣಿಯ ಜಾತಕ ಕೇಳೂದಾ? ಕಳಿಸು ಇವನನ್ನು.”

“ಭಾವ, ಹೀಗೆ ಎಲ್ಲರನ್ನೂ ಕಳಿಸಿದರೆ ಕೊನೆಗೆ ಅಡುಗೆ ನೀವೇ ಮಾಡಬೇಕಾದೀತು.”

“ಮಾಡಿದೆ ಮಾರಾಯ್ತಿ, ಅದನ್ನೂ ಮಾಡಿದೆ ಒಂದು ಕಾಲದಲ್ಲಿ.”

ಕೊನೆಗೆ ನಿಂತದ್ದು ನೀಲಿ ಹಕ್ಕಿಯ ಚಿತ್ರದ ಒಂದು ಮೇಲ್ ಪ್ರೋಗ್ರಾಂ, ನರಿ ಸುತ್ತಿಕೊಂಡು ಮಲಗಿದಂಥ ಚಿತ್ರದ ಒಂದು ಬ್ರೌಸರ್. ಹಕ್ಕಿಯದ್ದರಲ್ಲಿ ಸಾಲುಗಳನ್ನೂ ದೊಡ್ಡದು ಮಾಡಬಹುದಿತ್ತು. ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು. ನರಿಯದ್ದು ಪುಟದ ಮೇಲಿನ ಹೂವು ಎಲೆ ಚಿತ್ರ ಎಲ್ಲವನ್ನೂ ಗುಡಿಸಿ ಬರೀ ಬರಹವನ್ನು ಉಳಿಸುತ್ತಿತ್ತು. ಕಂಪ್ಯೂಟರಿನ ಜೊತೆಗೆ ಬಂದ ಮೇಲ್ ಪ್ರೋಗ್ರಾಮನ್ನೂ ಬ್ರೌಸರನ್ನೂ ಮುಟ್ಟುವುದೇ ಬೇಡ ಎಂದು ತಂಗಿ ಅವುಗಳ ಚಿತ್ರವನ್ನು ಪರದೆಯಿಂದ ತೆಗೆದಳು. ನಾವು ಮೂವರೂ ಅವತ್ತು ಏನೋ ಗೆದ್ದವರ ಹಾಗೆ ಚಾ ಕುಡಿದೆವು. ಮುಂದಿನ ವಾರವೇ ಕುರ್ಚಿಯ ಸದ್ದು ಕೇಳಿತು. ನಾನು ಮೀನಿಗೆ ಮಸಾಲೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡೆ. ಮಜ್ಜಿಗೆ ಕೊಡಲಿಕ್ಕೂ ಹೋಗಲಿಲ್ಲ.

ಆ ಹಳದಿ ಅಕ್ಷರಗಳಲ್ಲಿ ಒಂದು ವರ್ಷ ನಡೆಯಿತು. ಆಮೇಲೆ ಒಂದು ಸಾಲಿನಲ್ಲಿ ಎರಡು ಅಕ್ಷರ ಹಿಡಿಸುವಷ್ಟು ದೊಡ್ಡದು ಮಾಡಿದರೂ ಇವರಿಗೆ ಒಂದೇ ಕಾಣುತ್ತಿತ್ತು. ಒಂದು ಮೇಲ್ ಓದಿ ಮುಗಿಸಲು ಇಡೀ ಬೆಳಿಗ್ಗೆ ಬೇಕು. ಸಾಲಿನ ಕೊನೆಗೆ ಬರುವಾಗ ಮೊದಲು ಎಂತ ಇತ್ತೆಂದು ಮರೆತುಹೋಗುತ್ತದೆ ಎಂದರು. ತಂಗಿ ಇನ್ನೊಂದು ಪ್ರೋಗ್ರಾಂ ತಂದು ಹಾಕಿದಳು. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಇಂಗ್ಲಿಷ್ ಸುದ್ದಿಯನ್ನು ಅದು ಲಾಯ್ಕದಲ್ಲಿ ಓದಿತು. ನಮಗೆಲ್ಲ ಧೈರ್ಯ ಬಂತು. ಆಮೇಲೆ ಗೆಳೆಯನ ಮೇಲ್ ತೆರೆದರು.

ಇಂಗ್ಲಿಷ್ ಅಕ್ಷರದಲ್ಲಿದ್ದ ಆ ತುಳುವನ್ನು ಅದು ಇಂಗ್ಲಿಷೆಂದೇ ತಿಳಿದು ಓದತೊಡಗಿತು. ವಿದೇಶದ ಗಂಡಸೊಬ್ಬನ ಗಂಟಲಿನಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಿತ್ತು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರಿಗೂ ನಗು ಬಂದು ಕಣ್ಣಲ್ಲಿ ನೀರು. ಇನ್ನೊಮ್ಮೆ ಹಾಕು, ಇನ್ನೊಮ್ಮೆ ಹಾಕು ಎಂದು ಹಾಕಿಸಿದರು. ನಗು ನಿಂತ ಮೇಲೆ ಕೇಳಿದರು.

“ನಿನಗೆ ಎಂತಾದರೂ ಅರ್ಥ ಆಯಿತಾ?”

“ಇಲ್ಲ ಭಾವ.”

“ನನಗೂ ಇಲ್ಲ.”

ಕನ್ನಡ ಅಕ್ಷರದಲ್ಲಿ ಬರೆದರೆ ಕನ್ನಡದ ದನಿಯೊಂದು ಓದುತ್ತದೆ ಎಂದು ಗೆಳೆಯನಿಗೆ ತಿಳಿಸಿದೆವು. ಅವರು ಫೋನಿನಲ್ಲಿ ಕಷ್ಟಪಟ್ಟು ಬರೆದು ಕಳಿಸಿದರು. ಕನ್ನಡದ ಅಕ್ಷರ ಮುಟ್ಟಿದ ಕೂಡಲೇ ಅವರ ಕೈ ಶಾಲೆಗೆ ಹೋಗಿಬಿಟ್ಟಿತ್ತು. ‘ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಇಲ್ಲಿ ಮಳೆ ಸಾಧಾರಣ.’ ಯಂತ್ರದ ದನಿ ಅದನ್ನು ಒಪ್ಪವಾಗಿ ಓದಿತು.

“ಇದು ಯಾರು ಮಾರಾಯ್ತಿ? ನಮ್ಮ ಹೆಡ್‌ಮಾಷ್ಟ್ರು ಬರೆದ ಹಾಗುಂಟಲ್ಲ,” ಎಂದರು ಇವರು.

ಫೋನ್ ಮಾಡಬಾರದಾ ಎಂದು ಯಾರಾದರೂ ಕೇಳಬಹುದು. ಆ ಗೆಳೆಯನಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಬರೆಯಲು ಕೂತರೆ ಮೂರು ಪುಟ, ಫೋನ್ ಹಿಡಿದರೆ “ಬೊಕ್ಕ?” ಎಂಬ ಒಂದೇ ಮಾತು. ಮತ್ತೆಂತ ಎಂದು ಅರ್ಥ. ಇವರೂ ಬೊಕ್ಕ ಎನ್ನುತ್ತಾರೆ. ಹೀಗೆ ಒಬ್ಬರನ್ನೊಬ್ಬರು ಮತ್ತೆಂತ ಮತ್ತೆಂತ ಎಂದು ಕೇಳಿಕೊಂಡು ಇಡುತ್ತಾರೆ. ವಾಟ್ಸಪ್‌ನಲ್ಲಿ ಮಾತಾಡಿ ಕಳಿಸಿ ಎಂದದ್ದಕ್ಕೆ ಒಂದು ಸಲ ಕಳಿಸಿದ್ದರು. ಅದರಲ್ಲಿ ಐಸ್ ಪುಡಿ ಮಾಡುವ ಯಂತ್ರದ ಶಬ್ದ, ಒಂದು ಕೆಮ್ಮು, ಆಮೇಲೆ “ಹಾಂ, ಆಯ್ತು.”

ಆ ವಾರ ಬಂದ ಮೇಲ್ ತೆರೆಯದೆ ಹಾಗೆಯೇ ಉಳಿಯಿತು. ಇವರು ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಏಳುವರು. ಒಂದು ದಿನ ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಹೇಳಿದರು.

“ನೀನೇ ಓದು ಮಾರಾಯ್ತಿ.”

“ನಾನಾ?”

“ಮತ್ತೆ ಯಾರು? ಓದು. ಆದರೆ ಅವನ ಬಾಯಿ ಸ್ವಲ್ಪ ಹಾಗೆಯೇ.”

ಮೊದಲ ಸಾಲಿನಲ್ಲಿ ‘ಗುತ್ತಿನ ಯಜಮಾನರೇ’ ಎಂದು ಬಹಳ ಮರ್ಯಾದೆಯಿಂದ ಕರೆದು, ಅದರ ಬೆನ್ನಿಗೇ ನಾನಿಲ್ಲಿ ಬರೆಯಲಾಗದ ಒಂದು ಬೈಗುಳ. ಅದನ್ನು ಓದಿದೆ, ಕಿವಿ ಬಿಸಿಯಾಯಿತು. ಇವರು ಕೆಮ್ಮಿದರು. ಎರಡನೆಯ ಸಾಲು ‘ಏ ಕುರುಡ’ ಎಂದು ಶುರುವಾಗಿತ್ತು. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುತ್ತಿರಲಿಲ್ಲ. ಕಣ್ಣು ಸ್ವಲ್ಪ ತೊಂದರೆ ಎನ್ನುತ್ತಿದ್ದೆವು, ದೃಷ್ಟಿ ಮಂದ ಎನ್ನುತ್ತಿದ್ದೆವು. ನಾನು ಆ ಶಬ್ದವನ್ನು ಬಿಟ್ಟು ಮುಂದೆ ಓದಿದೆ. ‘ಶಾಲೆಯಲ್ಲಿ ಕಬಡ್ಡಿ ಆಡುವಾಗ ನಿನ್ನ ಟೀಮಿನವನನ್ನೇ ಹಿಡಿದು ಬೀಳಿಸಿದವನು ನೀನು. ಆಗ ಯಾವ ಡಾಕ್ಟ್ರು ಇದ್ದ? ಆಗಲೂ ಕಾಣ್ತಿರಲಿಲ್ಲ, ಈಗಲೂ ಕಾಣೂದಿಲ್ಲ. ಹೊಸತು ಎಂತ?’

“ಎಂತದೋ ಹಾರಿಸಿದೆ ನೀನು.”

“ಇಲ್ಲ.”

“ಅವನು ಹಾಗೆ ಸುಮ್ಮನೆ ಶುರು ಮಾಡುವವನಲ್ಲ. ಅಲ್ಲಿ ಎಂತ ಉಂಟು?”

ಹೇಳಿದೆ. ಇವರು ನಕ್ಕರು. “ನೋಡು, ಅವನೊಬ್ಬನೇ ಸರಿಯಾಗಿ ಹೇಳೂದು,” ಎಂದರು. ಆದರೆ ಆ ನಗುವಿಗೆ ಸದ್ದಿತ್ತು. ನನ್ನ ಸಮಾಧಾನಕ್ಕೆ ನಕ್ಕದ್ದು ಅದು. ಒಂಟಿಯಾಗಿ ಕೂತು ನಗುವ ನಗು ಬೇರೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಉತ್ತರ ಬರೆಯುವುದೂ ನನ್ನ ಕೈಗೇ ಬಂತು. ಮೊದಲು ಇವರು ಕೀಲಿಗಳಿಗೆ ಮುಖ ತಾಗಿಸಿಕೊಂಡು ಒಂದೇ ಬೆರಳಿನಲ್ಲಿ ಬರೆಯುತ್ತಿದ್ದರು, ಈಗ ಅದೂ ಆಗುತ್ತಿರಲಿಲ್ಲ. ಇವರು ಹೇಳಿದರು, ನಾನು ಒತ್ತಿದೆ. ಊರಿನ ಸುದ್ದಿ, ಹೋಟೆಲಿನ ಸುದ್ದಿ ಎಲ್ಲ ಆಯಿತು.

“ಕಣ್ಣಿನದ್ದು ಎಂತ ಬರೆಯೂದು?” ಎಂದು ಕೇಳಿದೆ.

ಇವರು ಕಿಟಕಿಯ ಕಡೆ ತಿರುಗಿದರು. “ಹೀಗೇ ಉಂಟು ಅಂತ ಬರಿ.”

ನಾನು ಹಾಗೆಯೇ ಬರೆದೆ. ನಾನು ಅಲ್ಲಿ ಇಲ್ಲದಿದ್ದರೆ ಆ ಜಾಗದಲ್ಲಿ ಎಂತ ಬರೆಯುತ್ತಿದ್ದರೋ, ಎಷ್ಟು ಬರೆಯುತ್ತಿದ್ದರೋ.

ನನ್ನದು ಸಾಲಿನ ಕೊನೆಗೆ ಚುಕ್ಕಿ ಇಟ್ಟು, ಹೆಸರಿಗೆ ದೊಡ್ಡ ಅಕ್ಷರ ಹಾಕಿ ಬರೆಯುವ ಅಭ್ಯಾಸ. ಬೈಗುಳ ಒಂದೂ ಇರಲಿಲ್ಲ. ಇವರು ಹೇಳಲೂ ಇಲ್ಲ. ಇದು ನನ್ನ ಕೈ ಎಂದು ತಿಳಿಯಲು ಗೆಳೆಯನಿಗೆ ಅಷ್ಟು ಸಾಕಾಯಿತು. ಮುಂದಿನ ಮೇಲ್ ‘ಪ್ರಿಯ ಮಿತ್ರ’ ಎಂದು ಶುರುವಾಯಿತು. ಆರೋಗ್ಯ ನೋಡಿಕೊಳ್ಳಿ, ಮದ್ದು ತಪ್ಪಿಸಬೇಡಿ, ಈ ಸಲ ಬೋಟಿಗೆ ಮೀನು ಕಮ್ಮಿ ಎಂದೆಲ್ಲ ಇತ್ತು. ಕೊನೆಯಲ್ಲಿ ‘ಅತ್ತಿಗೆಯವರಿಗೆ ನಮಸ್ಕಾರ. ನನ್ನ ಭಾಷೆಯನ್ನು ತಪ್ಪು ತಿಳಿಯಬಾರದು.’ ನನಗೇ ಬಂದ ನಮಸ್ಕಾರವನ್ನು ನಾನೇ ಗಟ್ಟಿಯಾಗಿ ಓದಿ, ಇವರ ಮುಖ ನೋಡಿದೆ.

“ಪಾಪ, ಒಳ್ಳೆಯ ಜನ,” ಎಂದೆ.

“ಹೌದು,” ಎಂದರು ಇವರು. “ಇಷ್ಟು ಒಳ್ಳೆಯವನು ಅಂತ ನನಗೂ ಗೊತ್ತಿರಲಿಲ್ಲ.”

ಮಳೆಗಾಲ ಇಡೀ ಹಾಗೆಯೇ ಕಳೆಯಿತು. ರಜೆಯಲ್ಲಿ ಎರಡೆರಡು ಬರುತ್ತಿದ್ದ ಮೇಲ್ ಹದಿನೈದು ದಿನಕ್ಕೊಂದಾಯಿತು. ಒಂದೊಂದರಲ್ಲೂ ನನಗೆ ನಮಸ್ಕಾರ. ಓದುವ ಮೊದಲು ನಾನು ಕೈ ತೊಳೆದು, ಕನ್ನಡಕ ಹಾಕಿ ಬಂದು ಕೂರುತ್ತಿದ್ದೆ. ಇವರು ಕಾಲ ಮೇಲೆ ಕಾಲು ಹಾಕದೆ ನೆಟ್ಟಗೆ ಕೂತು ಕೇಳುತ್ತಿದ್ದರು, ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗೆ.

ದೀಪಾವಳಿಯ ರಜೆಗೆ ತಂಗಿ ಬಂದಾಗ ಯಾವುದೋ ಬಿಲ್ಲಿನ ಪುಟವನ್ನು ಒತ್ತಿದಳು. ತೆರೆದದ್ದು ನಮ್ಮ ನರಿಯ ಬ್ರೌಸರಿನಲ್ಲಲ್ಲ, ಕಂಪ್ಯೂಟರಿನ ಜೊತೆಗೇ ಬಂದ ಬ್ರೌಸರಿನಲ್ಲಿ. ಯಾವುದೋ ಅಪ್‌ಡೇಟಿನ ಹೊತ್ತಿಗೆ ಅದು ಯಾರನ್ನೂ ಕೇಳದೆ ಮುಂದೆ ಬಂದು ಕೂತಿತ್ತು. ಮುಚ್ಚಲು ಹೋದವಳು ನಿಂತಳು. ಅದರಲ್ಲಿ ಗಟ್ಟಿಯಾಗಿ ಓದು ಎಂಬ ಒಂದು ಗುಂಡಿ, ಅದರ ಒಳಗೆ ದನಿಗಳ ದೊಡ್ಡ ಸಾಲು. ನಮ್ಮ ದೇಶದವರ ಹಾಗೆಯೇ ಇಂಗ್ಲಿಷ್ ಓದುವ ದನಿಯೂ ಅಲ್ಲಿತ್ತು. ತಂಗಿ ಗೆಳೆಯನ ಹೊಸ ಮೇಲನ್ನು ಆ ಬ್ರೌಸರಿನಲ್ಲಿ ತೆರೆದು ಗುಂಡಿ ಒತ್ತಿದಳು.

ಘಟ್ಟದ ಮೇಲಿನವರು ಇಲ್ಲಿಗೆ ವರ್ಗವಾಗಿ ಬಂದು ಒಂದು ವರ್ಷ ತುಳು ಕಲಿತರೆ ಹೇಗೆ ಮಾತಾಡುತ್ತಾರೋ ಹಾಗೆ ಓದಿತು. ಅಲ್ಲಲ್ಲಿ ಎಡವಿತು. ಆದರೆ ತಿಳಿಯಿತು, ಮುಕ್ಕಾಲಿನಷ್ಟಾದರೂ.

ಇವರು ಕುರ್ಚಿಯ ಅಂಚಿಗೆ ಬಂದಿದ್ದರು. “ಇದು ಯಾವುದು?”

“ನಾವು ಬೇಡ ಅಂತ ಬಿಟ್ಟದ್ದೇ ಭಾವ. ಜೊತೆಗೆ ಬಂದದ್ದು.”

“ಇದು ಮೊದಲೇ ಹೀಗೆ ಮಾತಾಡ್ತಿತ್ತಾ?”

“ಯಾರಿಗೆ ಗೊತ್ತು? ನಾವು ತೆರೆದು ನೋಡಲಿಲ್ಲ ಅಲ್ಲವಾ.”

ನಾನು ಮನಸ್ಸಿನಲ್ಲೇ ತಿಂಗಳುಗಟ್ಟಲೆ ಹಿಂದೆ ಹೋಗಿ ನೋಡಿದೆ. ಆ ಸಂಜೆ ಬಟ್ಟೆ ಮಡಚುವುದನ್ನು ಬಿಟ್ಟು ನಾನು ಕನ್ನಡಕ ಹುಡುಕುವ ಬದಲು, ತಂಗಿಗೆ ಒಂದು ಫೋನ್ ಮಾಡಿ, ಇನ್ನೊಂದು ಯಾವುದಾದರೂ ಇದೆಯಾ ನೋಡು ಎಂದಿದ್ದರೆ! ಇದ್ದದ್ದು ಪಕ್ಕದಲ್ಲೇ ಇತ್ತು. ನಾವು ಆರಿಸಿದ್ದು ಆರಿಸಿದ ದಿನಕ್ಕೆ ಸರಿಯಾಗಿಯೇ ಇತ್ತು. ಬಿಟ್ಟದ್ದು ಆಮೇಲೆ ಬದಲಾಗಬಹುದು ಎಂದು ನಮಗೆ ಹೊಳೆಯಲಿಲ್ಲ.

ತಂಗಿ ಎರಡು ದಿನ ಉಳಿದು ಇವರಿಗೆ ಎಲ್ಲ ಹೇಳಿಕೊಟ್ಟಳು. ಯಾವ ಕೀಲಿ ಒತ್ತಿದರೆ ಓದುತ್ತದೆ, ಯಾವುದಕ್ಕೆ ನಿಲ್ಲುತ್ತದೆ. ಬರೆಯಲು ಹಳೆಯ ವಿದೇಶಿ ದನಿಯೇ ಸಾಕಾಯಿತು. ಒತ್ತಿದ ಒಂದೊಂದು ಅಕ್ಷರವನ್ನೂ ಅದು ಹೇಳುತ್ತದೆ. ಇಯರ್‌ಫೋನ್ ಸಿಕ್ಕಿಸಿಕೊಟ್ಟು ನಾನು ಅಲ್ಲಿಂದ ಎದ್ದು ಬಂದೆ. ಹಾಗೆ ತಾವೇ ಬರೆದ ಮೊದಲ ಮೇಲ್‌ನಲ್ಲಿ ಇವರು ಗೆಳೆಯನನ್ನು ಎಂತೆಂತ ಬೈದರೋ ಗೊತ್ತಿಲ್ಲ, ಬೆಳಿಗ್ಗೆ ಕೂತವರು ಊಟಕ್ಕೆ ಎದ್ದರು. ಉತ್ತರ ಬಂತು. ‘ಪ್ರಿಯ ಮಿತ್ರ, ನಿಮ್ಮ ಮೇಲ್ ಓದಿ ಸಂತೋಷವಾಯಿತು.’ ಕೊನೆಗೆ ಅತ್ತಿಗೆಯವರಿಗೆ ನಮಸ್ಕಾರ.

ಇವರು ತಡೆಯಲಾಗದೆ ಫೋನ್ ಮಾಡಿದರು.

“ಏ, ಈಗ ನಾನೇ ಕೇಳೂದು ಮಾರಾಯ. ಅವಳು ಓದೂದಿಲ್ಲ. ನೀನು ಮೊದಲಿನ ಹಾಗೆ ಬರಿ.”

ಆ ಕಡೆಯ ದನಿ ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. “ಹಾಂ, ಆಯ್ತು.”

“ಒಮ್ಮೆ ಬೈ ನೋಡುವಾ.”

“ಅತ್ತಿಗೆ ಎಲ್ಲಿದ್ದಾರೆ?”

“ಅಡುಗೆಮನೆಯಲ್ಲಿ.”

“ಹಾಗಾದರೆ ಕೇಳ್ತದೆ,” ಎಂದರು ಗೆಳೆಯ. ಬೆನ್ನಿಗೇ, “ಬೊಕ್ಕ?”

ಆಮೇಲೆ ನಾನೇ ನನ್ನ ವಿಳಾಸದಿಂದ ಅವರಿಗೊಂದು ಮೇಲ್ ಬರೆದೆ. ನಾನು ಈಗ ಓದುವುದಿಲ್ಲ, ಯಂತ್ರ ಓದುತ್ತದೆ, ಅದಕ್ಕೆ ನಾಚಿಕೆ ಇಲ್ಲ, ನೀವು ಮೊದಲಿನ ಹಾಗೆಯೇ ಬರೆಯಬೇಕು, ಇವರಿಗೆ ಅದು ಬೇಕು ಎಂದು. ಎರಡು ದಿನದಲ್ಲಿ ಉತ್ತರ ಬಂತು, ಶುದ್ಧ ಕನ್ನಡದಲ್ಲಿ. ತಮ್ಮ ಮಾತನ್ನು ಖಂಡಿತ ನಡೆಸುತ್ತೇನೆ, ಪ್ರಯತ್ನಿಸಿದೆ, ಬರೆಯಲು ಕೂತರೆ ತಾವು ಓದುತ್ತಿರುವ ಹಾಗೆಯೇ ಆಗುತ್ತದೆ, ದಯವಿಟ್ಟು ಕ್ಷಮಿಸಬೇಕು ಎಂದಿತ್ತು. ಅದನ್ನು ಇವರಿಗೆ ನಾನು ಹೇಳಲಿಲ್ಲ.

ಈಗಲೂ ಹದಿನೈದು ದಿನಕ್ಕೊಮ್ಮೆ ಮೇಲ್ ಬರುತ್ತದೆ. ಇವರು ಯಾರ ಸಹಾಯವೂ ಇಲ್ಲದೆ ತೆರೆದು, ಇಯರ್‌ಫೋನ್ ಹಾಕಿಕೊಂಡು ಕೊನೆಯವರೆಗೆ ಕೇಳುತ್ತಾರೆ. ಕುರ್ಚಿಯ ಸದ್ದಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಸ್ಟೂಲ್ ಎಳೆದು ಕೂತು, ಅದರಲ್ಲಿ ಇದ್ದದ್ದನ್ನೆಲ್ಲ ನನಗೆ ಹೇಳುತ್ತಾರೆ. ಅಲ್ಲಿ ಚಳಿ ಶುರುವಾಗಿದೆಯಂತೆ, ಐಸಿಗೆ ಗಿರಾಕಿ ಕಮ್ಮಿಯಂತೆ, ಮಂಡಿನೋವಿಗೆ ಎಣ್ಣೆ ಹಚ್ಚುತ್ತಿದ್ದಾರಂತೆ. ನಾನು ಹೌದಾ ಹೌದಾ ಎನ್ನುತ್ತ ತೆಂಗಿನಕಾಯಿ ತುರಿಯುತ್ತೇನೆ. ಒಂದು ಸಾಲೂ ಬಿಡದೆ ಹೇಳುತ್ತಾರೆ.